ಗಾಲಿಯ ಅಗಲ, ದಾರಿಯ ಸವಕಳಿ

ಹಂಪೆಯ ವಿಠ್ಠಲ ದೇವಾಲಯದ ಕಲ್ಲುರಥವನ್ನು ಕಾಣಬಂದವರ ದೃಷ್ಟಿ ಗಾಲಿಯ ಮೇಲಣ ಹೂಬಳ್ಳಿಗಳತ್ತ ಹರಿಯುವುದು ಸಹಜ. ನಾವಾದರೋ ಇಲ್ಲಿ ಗಾಲಿಯ ಅಗಲವನ್ನು ಕುರಿತು ವಿಚಾರಿಸಬಯಸುತ್ತೇವೆ. ೧೬ನೆಯ ಶತಮಾನದ ಆ ರಥ ದಾರಿಯಲ್ಲಿ ಸಾಗಲೆಂದು ಮಾಡಿದ್ದಲ್ಲ. ಆದರೂ ಶಿಲ್ಪಿಯ ಕಣ್ಣಮುಂದಿದ್ದುದು ಬೀದಿಯಲ್ಲಿ ಉರುಳುವ ಮರದ ತೇರೇ. ಮಹಾಭಾರಕ್ಕೆ ದಪ್ಪ ಗಾಲಿ ಬೇಕೆಂಬುದು ವಿರೂಪಾಕ್ಷನ ತೇರನ್ನೆಳೆಯುವವರಿಗೆ ಇಂದಿಗೂ ತಿಳಿದ ಮಾತು.

ಕಂಪ್ಲಿಯ ಗದ್ದೆಬಯಲಿನ ಹಳೆಯ ಎತ್ತಿನ ಗಾಡಿಯದು ಬೇರೆ ರೀತಿ. ಎತ್ತರವಾದ ಮರದ ಗಾಲಿ. ಅದರ ಸುತ್ತ, ಕಾಸಿ ಹಿಗ್ಗಿಸಿ ತೊಡಿಸಿ, ನೀರೆರೆದು ಬಿಗಿಗೊಳಿಸಿದ ಕಿರಿದಾದ ಕಬ್ಬಿಣದ ಪಟ್ಟೆ. ಗಟ್ಟಿ ನೆಲದ ಮೇಲೆ ಇದು ಸಲೀಸಾಗಿ ಉರುಳುತ್ತದೆ. ಆದರೆ ಭತ್ತದ ಚೀಲಗಳ ಭಾರವೆಲ್ಲ ಕೆಲವೇ ಬೆರಳಗಲದ ಮೇಲೆ ಬೀಳುವುದರಿಂದ ಹಸಿನೆಲದಲ್ಲಿ ಗಾಲಿ ಹೂತು, ಜಾಡು ಆಳವಾಗುತ್ತದೆ. ಥಾಮ್ಸನ್ ೧೮೪೫ರಲ್ಲಿ ಕಲ್ಪಿಸಿ, ಡನ್‌ಲಪ್ ೧೮೮೮ರಲ್ಲಿ ಬಳಕೆಗೆ ತಂದ ಗಾಳಿ ತುಂಬಿದ ಟೈರು ಕಾಲಕ್ರಮದಲ್ಲಿ ಎತ್ತಿನ ಗಾಡಿಗೂ ಬಂದು, ಈ ಜಾಡನ್ನು ತೆಳುಗೊಳಿಸಿತು.

ಕಾರಿನ ಟೈರು ಒಂದೇ ಸಮನೆ ಅಗಲವಾಗುತ್ತ ಬಂದಿತೆಂದು ಭಾವಿಸುವುದು ಸರಿಯಲ್ಲ. ಹಳೆಯ ಅಂಬಾಸಿಡರಿನದು ೫.೯೦ ಅಂಗುಲ, ಎಂದರೆ ಸುಮಾರು ೧೫೦ ಮಿಲಿಮೀಟರು. ೧೯೮೩ರಲ್ಲಿ ಬಂದ ಮಾರುತಿ ೮೦೦ಕ್ಕೆ ಬಹುಕಾಲ ಇದ್ದುದು ೧೪೫. ೨೦೦೫ರ ಇನ್ನೋವಾಕ್ಕೆ ೨೦೫. ಹೊಸಪೇಟೆಯ ಬಾಡಿಗೆ ಕಾರುಗಳ ಸಾಲಿನಲ್ಲಿ ಈ ಏರಿಳಿತವನ್ನು ಒಂದು ತಲೆಮಾರು ಕಣ್ಣಾರೆ ಕಂಡಿದೆ. ಅಗಲವನ್ನು ನಿರ್ಧರಿಸಿದುದು ದಾರಿಯ ಮೇಲಣ ಕರುಣೆಯಲ್ಲ. ವಾಹನದ ತೂಕ, ವೇಗ, ತಿರುವಿನಲ್ಲಿ ಬೇಕಾದ ಹಿಡಿತ.

ಸಂಡೂರಿನ ದಾರಿಯಲ್ಲಿ ಇದು ಇನ್ನೂ ಸ್ಪಷ್ಟ. ಅದಿರಿನ ಲಾರಿಯ ಹಿಂಭಾಗದಲ್ಲಿ ಒಂದೊಂದು ಬದಿಗೂ ಜೋಡಿ ಟೈರುಗಳಿರುತ್ತವೆ. ಗಾಡಿಯ ಪಟ್ಟೆಗೆ ಹೋಲಿಸಿದರೆ ಬಹಳ ಅಗಲವೇ. ಆದರೂ ೨೦೧೧ರ ಜುಲೈನಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆಯುವ ಮುಂಚಿನ ವರ್ಷಗಳಲ್ಲಿ ಈ ಭಾಗದ ರಸ್ತೆಗಳು ಹೊಂಡಗಳಾಗಿ, ಕೆಂಧೂಳಿನಲ್ಲಿ ಮುಳುಗಿದ್ದವು. ಲಾರಿಗಳ ಸಂಖ್ಯೆ ಇದಕ್ಕೆ ಒಂದು ಕಾರಣ. ಇನ್ನೊಂದನ್ನು ಅಮೆರಿಕದ ಇಲಿನಾಯ್‌ನಲ್ಲಿ ೧೯೫೮-೬೦ರಲ್ಲಿ ನಡೆದ ರಸ್ತೆ ಪರೀಕ್ಷೆ ತೋರಿಸಿಕೊಟ್ಟಿತು. ಅಚ್ಚಿನ ಮೇಲಣ ಭಾರ ಇಮ್ಮಡಿಯಾದರೆ ದಾರಿಯ ಹಾನಿ ಇಮ್ಮಡಿಯಲ್ಲ, ಸುಮಾರು ಹದಿನಾರು ಮಡಿ. ೨೦೧೮ರಲ್ಲಿ ಭಾರತ ಸರ್ಕಾರ ನಾಲ್ಕು ಟೈರುಗಳ ಒಂದು ಅಚ್ಚಿಗೆ ಒಪ್ಪಿದ ಮಿತಿಯನ್ನು ೧೦.೨ ಟನ್ನಿನಿಂದ ೧೧.೫ ಟನ್ನಿಗೆ ಏರಿಸಿತು. ಟೈರುಗಳ ಸಂಖ್ಯೆ ಅಷ್ಟೇ. ಮೇಲಿನ ಲೆಕ್ಕದಂತೆ ದಾರಿಯ ಸವಕಳಿ ಮಾತ್ರ ಒಂದೂವರೆ ಪಟ್ಟಿಗೂ ಮಿಗಿಲು.