ಗಡಾಯಿಕಲ್ಲು: ದಾರಿ ಕಾಯುವವರು

ಬೆಳ್ತಂಗಡಿ ಹತ್ತಿರದ ಈ ಒಂಟಿ ಬಂಡೆಗೆ ಹಳೆಯ ಹೆಸರು ನರಸಿಂಹಗಡ. 1794ರಲ್ಲಿ ಟಿಪ್ಪು ಸುಲ್ತಾನ್ ಇದರ ಮೇಲೆ ಕೋಟೆ ಕಟ್ಟಿಸಿ, ಜಮಲಾಬಾದ್ ಎಂದು ಕರೆದ. 1799ರಲ್ಲಿ ಅದು ಇಂಗ್ಲಿಷರ ಕೈಸೇರಿತು. ಬೆಳ್ತಂಗಡಿಯವರ ಬಾಯಲ್ಲಿ ಮಾತ್ರ ಇವತ್ತಿಗೂ ಗಡಾಯಿಕಲ್ಲೇ.

ಹತ್ತಲು ಇರುವುದು ಒಂದೇ ದಾರಿ. ಸುಮಾರು 1,800 ಮೆಟ್ಟಿಲು. ಎಷ್ಟೋ ಕಡೆ ಬಂಡೆಯನ್ನೇ ಕಡಿದು ಮಾಡಿದವು. ಒಂದರ ಎತ್ತರ ಇನ್ನೊಂದಕ್ಕಿಲ್ಲ, ಹಾಗಾಗಿ ಉಸಿರಿಗಿಂತ ಮೊದಲು ಸೋಲುವುದು ಮೊಣಕಾಲು. ಮಳೆ ಹಿಡಿದರೆ ಕಲ್ಲಿಗೆ ಪಾಚಿ ಕಟ್ಟಿ ಕಾಲು ನಿಲ್ಲದು. ಮಳೆಗಾಲದಲ್ಲಿ ಅರಣ್ಯ ಇಲಾಖೆ ಚಾರಣ ನಿಲ್ಲಿಸುವುದು ಅದಕ್ಕೇ.

1987ರಲ್ಲಿ ಘೋಷಿತವಾದ, ಸುಮಾರು 600 ಚದರ ಕಿ.ಮೀ. ವಿಸ್ತಾರದ ಕುದುರೆಮುಖ ರಾಷ್ಟ್ರೀಯ ಉದ್ಯಾನದ ವ್ಯಾಪ್ತಿಯಲ್ಲಿ ಈ ಬಂಡೆಯಿದೆ. ಇಲ್ಲಿ ಪ್ರವೇಶ ಚೀಟಿ ಕೊಡುವುದು ಕುದುರೆಮುಖ ವನ್ಯಜೀವಿ ವಿಭಾಗ. ಆದರೆ ಇಲಾಖೆಯೊಂದರಿಂದಲೇ ಕಾಡುದಾರಿ ಉಳಿಯುವುದಿಲ್ಲ. 1993ರ ಸರ್ಕಾರಿ ಆದೇಶ ಗ್ರಾಮ ಅರಣ್ಯ ಸಮಿತಿಗಳ ಮೂಲಕ ಕಾಡಿನ ನಿರ್ವಹಣೆಯಲ್ಲಿ ಊರವರಿಗೂ ಪಾಲು ಕೊಟ್ಟಿತು. ಇದೇ ಉದ್ಯಾನದಲ್ಲಿ, ಘಟ್ಟದ ಮೇಲಿರುವ ಕುದುರೆಮುಖ ಶಿಖರಕ್ಕೆ ದಿನಕ್ಕೆ 300 ಮಂದಿಗಷ್ಟೇ ಅವಕಾಶ. 2024ರಿಂದ ಕಾಯ್ದಿರಿಸುವುದು ‘ಅರಣ್ಯ ವಿಹಾರ’ ಜಾಲತಾಣದಲ್ಲಿ. ಮುಂದಿನದೆಲ್ಲ ಊರಿನ ಮಾರ್ಗದರ್ಶಿ, ಜೀಪಿನವರು, ಶಿಖರದ ಬುಡದ ಊರು ಮುಳ್ಳೋಡಿಯಲ್ಲಿ ಊಟ ಹಾಕುವ ಮನೆಗಳ ಕೈಯಲ್ಲಿದೆ. ನಿಮ್ಮ ಪಾಲಿನದು ಇಷ್ಟೇ: ಹೊತ್ತೊಯ್ದ ನೀರಿನ ಬಾಟಲಿಯನ್ನು ಕೆಳಗೆ ತನ್ನಿ.