ಕರ್ನಾಟಕ ಕರಾವಳಿಯಲ್ಲಿ ಕ್ಯಾರವಾನ್ ಪ್ರವಾಸ

ಕ್ಯಾರವಾನ್ ಪ್ರವಾಸವೆಂದರೆ ಮಲಗಲು, ಅಡುಗೆ ಮಾಡಲು ಹಾಗೂ ಸಾಮಾನು ಇಡಲು ಅನುಕೂಲವಿರುವ ಮೋಟಾರು ವಾಹನದಲ್ಲಿ ಸಂಚರಿಸಿ, ರಾತ್ರಿ ಅದರಲ್ಲಿಯೇ ತಂಗುವ ಪ್ರವಾಸ ಪದ್ಧತಿ. ಅಮೆರಿಕದಲ್ಲಿ ಇಂತಹ ವಾಹನವನ್ನು ಆರ್‌ವಿ ಎಂದು ಕರೆಯುತ್ತಾರೆ. ಕರ್ನಾಟಕದಲ್ಲಿ ದಕ್ಷಿಣ ಕನ್ನಡ, ಉಡುಪಿ ಮತ್ತು ಉತ್ತರ ಕನ್ನಡ ಜಿಲ್ಲೆಗಳ ಸುಮಾರು 320 ಕಿ.ಮೀ. ಉದ್ದದ ಕಡಲತೀರವು ಈ ಬಗೆಯ ಪ್ರವಾಸಕ್ಕೆ ಒದಗುವ ಪ್ರದೇಶಗಳಲ್ಲೊಂದು. ಒಳನಾಡಿನ ಬಯಲುಸೀಮೆಯಿಂದ ಬರುವವರಿಗೆ ಘಟ್ಟದ ರಸ್ತೆ, ಕರಾವಳಿಯ ಮಳೆ ಮತ್ತು ಕಡಲಿನ ಸ್ವಭಾವ ಈ ಮೂರೂ ಅಪರಿಚಿತವಾಗಿರುವುದರಿಂದ ಪೂರ್ವಸಿದ್ಧತೆಗೆ ವಿಶೇಷ ಮಹತ್ವವಿದೆ.

ಹಿನ್ನೆಲೆ

ಮನೆಯ ಅನುಕೂಲಗಳನ್ನು ಜೊತೆಗೆ ಕೊಂಡೊಯ್ದು ಪ್ರಯಾಣ ಮಾಡುವ ರೂಢಿ ಉತ್ತರ ಕರ್ನಾಟಕಕ್ಕೆ ಹೊಸದಲ್ಲ. ಸವದತ್ತಿ ಎಲ್ಲಮ್ಮನ ಜಾತ್ರೆಯಂತಹ ಸಂದರ್ಭಗಳಲ್ಲಿ ರೈತ ಕುಟುಂಬಗಳು ಬಂಡಿ ಕಟ್ಟಿಕೊಂಡು, ಬುತ್ತಿ ಮತ್ತು ಅಡುಗೆಯ ಪಾತ್ರೆಗಳೊಡನೆ ಹೊರಟು, ದಾರಿಯಲ್ಲಿ ಬಂಡಿಯ ಬಳಿಯೇ ರಾತ್ರಿ ಕಳೆಯುತ್ತಿದ್ದವು. ಮೋಟಾರು ಕ್ಯಾರವಾನ್ ಪ್ರವಾಸವು ಭಾರತದಲ್ಲಿ ಇತ್ತೀಚಿನದು. ನೆರೆಯ ಕೇರಳ ಮತ್ತು ಮಹಾರಾಷ್ಟ್ರ ಸರ್ಕಾರಗಳು 2021ರಲ್ಲಿ ಇದಕ್ಕಾಗಿಯೇ ಪ್ರತ್ಯೇಕ ನೀತಿಗಳನ್ನು ಪ್ರಕಟಿಸಿದವು.

ಸೂಕ್ತ ಕಾಲ

ನವೆಂಬರ್‌ನಿಂದ ಫೆಬ್ರವರಿಯವರೆಗಿನ ಅವಧಿ ಅನುಕೂಲಕರ. ಮಾರ್ಚ್‌ನಿಂದ ಮೇ ತಿಂಗಳವರೆಗೆ ಸೆಕೆ ಹೆಚ್ಚಿದ್ದು, ರಾತ್ರಿಯೂ ವಾಹನದೊಳಗೆ ಗಾಳಿಯಾಡುವುದಿಲ್ಲ. ಮುಂಗಾರು ಸಾಮಾನ್ಯವಾಗಿ ಜೂನ್ ಮೊದಲ ವಾರದಲ್ಲಿ ಕರಾವಳಿಯನ್ನು ತಲುಪುತ್ತದೆ. ರಾಯಚೂರು ಜಿಲ್ಲೆಯಲ್ಲಿ ವರ್ಷವಿಡೀ ಬೀಳುವ ಮಳೆ ಸರಾಸರಿ 600 ಮಿ.ಮೀ.ಯ ಆಸುಪಾಸಿನಲ್ಲಿದ್ದರೆ, ಕರಾವಳಿಯಲ್ಲಿ ಅದು 3,000 ಮಿ.ಮೀ.ಯನ್ನು ಮೀರುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುತ್ತದೆ. ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗುವ ದೋಣಿಗಳೂ ಮಳೆಗಾಲದಲ್ಲಿ ನಿಲ್ಲುತ್ತವೆ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿದು ಜೀವಹಾನಿ ಸಂಭವಿಸಿತು. ಮಳೆಗಾಲದಲ್ಲಿ ಗುಡ್ಡದ ಬುಡದಲ್ಲಿ ವಾಹನ ನಿಲ್ಲಿಸಿ ತಂಗುವುದು ಅಪಾಯಕಾರಿ ಎಂಬುದಕ್ಕೆ ಈ ದುರಂತ ನಿದರ್ಶನ.

ಮಹಾಶಿವರಾತ್ರಿಯ ದಿನಗಳಲ್ಲಿ ಗೋಕರ್ಣದಲ್ಲಿಯೂ, ಡಿಸೆಂಬರ್ ಕೊನೆಯ ವಾರದಲ್ಲಿ ಹೆಚ್ಚಿನ ಕಡಲತೀರಗಳಲ್ಲಿಯೂ ಜನಸಂದಣಿ ಇರುವುದರಿಂದ ದೊಡ್ಡ ವಾಹನ ನಿಲ್ಲಿಸಲು ಸ್ಥಳ ದೊರೆಯುವುದು ಕಷ್ಟ.

ಮಾರ್ಗ

ರಾಯಚೂರು, ಕಲ್ಲೂರು, ಸಿರವಾರದ ಕಡೆಯಿಂದ ಹೊರಡುವವರು ಲಿಂಗಸುಗೂರು, ಕುಷ್ಟಗಿ, ಗದಗ, ಹುಬ್ಬಳ್ಳಿ ಹಾಗೂ ಯಲ್ಲಾಪುರದ ಮೂಲಕ ಅಂಕೋಲಾ ತಲುಪಬಹುದು. ರಾಯಚೂರಿನಿಂದ ಈ ದಾರಿ ಸುಮಾರು 400 ಕಿ.ಮೀ. ಆಗುತ್ತದೆ. ಭಾರವಾದ ವಾಹನದಲ್ಲಿ ಇಷ್ಟು ದೂರವನ್ನು ಒಂದೇ ದಿನ ಕ್ರಮಿಸುವುದಕ್ಕಿಂತ ಹುಬ್ಬಳ್ಳಿಯಲ್ಲಿ ತಂಗಿ, ಮರುದಿನ ಹಗಲಿನಲ್ಲಿ ಘಟ್ಟ ಇಳಿಯುವುದು ಉಚಿತ. ಯಲ್ಲಾಪುರ ಮತ್ತು ಅಂಕೋಲಾಗಳ ನಡುವೆ ಅರೆಬೈಲ್ ಘಟ್ಟವಿದ್ದು, ಲಾರಿಗಳ ಸಂಚಾರ ಹೆಚ್ಚು. ಇಳಿಜಾರಿನಲ್ಲಿ ಸತತವಾಗಿ ಬ್ರೇಕ್ ಒತ್ತಿದರೆ ಅದು ಕಾದು ಹಿಡಿತ ತಪ್ಪುತ್ತದೆ; ಆದುದರಿಂದ ಕೆಳಗಿನ ಗೇರಿನಲ್ಲಿ ನಿಧಾನವಾಗಿ ಇಳಿಯಬೇಕು. ಆಗುಂಬೆ ಘಟ್ಟದಲ್ಲಿ 14 ಕಡಿದಾದ ತಿರುವುಗಳಿದ್ದು, ಉದ್ದನೆಯ ವಾಹನಗಳಿಗೆ ಅದು ಯೋಗ್ಯವಲ್ಲ. ಕರಾವಳಿಯನ್ನು ಮುಟ್ಟಿದ ಮೇಲೆ ರಾಷ್ಟ್ರೀಯ ಹೆದ್ದಾರಿ 66 ಕಾರವಾರದಿಂದ ಮಂಗಳೂರಿನವರೆಗೆ ಮುಖ್ಯ ಸಂಪರ್ಕ ರಸ್ತೆಯಾಗಿದೆ.

ವಾಹನ

ಒಟ್ಟು ತೂಕ 7,500 ಕಿ.ಗ್ರಾಂ. ಮೀರದ ವಾಹನವು 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಲಘು ಮೋಟಾರು ವಾಹನದ ವರ್ಗಕ್ಕೆ ಸೇರುತ್ತದೆ. ಸಾಮಾನ್ಯ ವ್ಯಾನನ್ನು ಮನೆಯಾಗಿ ಪರಿವರ್ತಿಸಬೇಕಾದರೆ ಅದೇ ಕಾಯ್ದೆಯ 52ನೆಯ ಕಲಮನ್ನು ಗಮನಿಸಬೇಕು. ತಯಾರಕರ ಮೂಲ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದಕ್ಕೆ ಅದು ನಿರ್ಬಂಧ ವಿಧಿಸುತ್ತದೆ. ಮೊದಲ ಬಾರಿ ಹೋಗುವವರಿಗೆ ಬಾಡಿಗೆಯ ಕ್ಯಾರವಾನ್ ಸುಲಭವಾದ ಮಾರ್ಗ.

ಅಡುಗೆ ಅನಿಲ ಗಾಳಿಗಿಂತ ಭಾರವಾದುದರಿಂದ ಸೋರಿದಾಗ ನೆಲಮಟ್ಟದಲ್ಲಿ ಶೇಖರವಾಗುತ್ತದೆ. ಹಾಗಾಗಿ ವಾಹನದ ತಳಭಾಗದಲ್ಲಿ ಗಾಳಿಕಿಂಡಿ ಅಗತ್ಯ. ಮುಚ್ಚಿದ ವಾಹನದೊಳಗೆ ಒಲೆಯನ್ನಾಗಲಿ ಇದ್ದಿಲ ಅಗ್ಗಿಷ್ಟಿಕೆಯನ್ನಾಗಲಿ ಉರಿಯಲು ಬಿಟ್ಟು ಮಲಗಿದರೆ ವಾಸನೆಯಿಲ್ಲದ ಕಾರ್ಬನ್ ಮೊನಾಕ್ಸೈಡ್ ಅನಿಲದಿಂದ ಪ್ರಾಣಾಪಾಯವಾಗಬಹುದು. ಉಪ್ಪುಗಾಳಿಯಿಂದ ಕಬ್ಬಿಣದ ಭಾಗಗಳು ತುಕ್ಕು ಹಿಡಿಯುವುದರಿಂದ ಹಿಂದಿರುಗಿದ ಬಳಿಕ ವಾಹನದ ಅಡಿಭಾಗವನ್ನು ಸಿಹಿನೀರಿನಲ್ಲಿ ತೊಳೆಯಬೇಕು.

ತಂಗುವ ಸ್ಥಳ

ಅಮೆರಿಕ, ಆಸ್ಟ್ರೇಲಿಯಾ ಮೊದಲಾದ ದೇಶಗಳ ಕಡಲತೀರದ ಉದ್ಯಾನಗಳಲ್ಲಿ ವಾಹನಕ್ಕೆ ಗುರುತಿಸಿದ ಅಂಕಣ, ವಿದ್ಯುತ್ ಹಾಗೂ ನೀರಿನ ಸಂಪರ್ಕ, ಶೌಚದ ತೊಟ್ಟಿಯನ್ನು ಬರಿದು ಮಾಡುವ ವ್ಯವಸ್ಥೆ ಸಾಮಾನ್ಯವಾಗಿ ಇರುತ್ತವೆ. ಕರ್ನಾಟಕ ಕರಾವಳಿಯಲ್ಲಿ ಇಂತಹ ಏರ್ಪಾಡು ಇನ್ನೂ ವ್ಯಾಪಕವಾಗಿಲ್ಲ. ಆದ್ದರಿಂದ ವಸತಿಗೃಹ ಅಥವಾ ಖಾಸಗಿ ಜಮೀನಿನ ಮಾಲೀಕರೊಡನೆ ಮುಂಚಿತವಾಗಿ ಮಾತನಾಡಿ, ವಾಹನದ ಉದ್ದ ಮತ್ತು ಎತ್ತರವನ್ನು ತಿಳಿಸಿ ಒಪ್ಪಿಗೆ ಪಡೆಯಬೇಕಾಗುತ್ತದೆ. ದಾರಿಯ ಅಗಲ, ತಗ್ಗಾಗಿ ತೂಗುವ ವಿದ್ಯುತ್ ತಂತಿ, ರಾತ್ರಿ ಬಳಸಬಹುದಾದ ಶೌಚಾಲಯ ಮತ್ತು ಕುಡಿಯುವ ನೀರಿನ ಬಗ್ಗೆ ಆಗಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು.

ಹೊನ್ನಾವರದ ಬಳಿಯ ಕಾಸರಕೋಡು ಮತ್ತು ಉಡುಪಿ ಜಿಲ್ಲೆಯ ಪಡುಬಿದ್ರಿ ಕಡಲತೀರಗಳು 2020ರಲ್ಲಿ ಅಂತರರಾಷ್ಟ್ರೀಯ ಬ್ಲೂ ಫ್ಲ್ಯಾಗ್ ಮಾನ್ಯತೆ ಪಡೆದವು. ಈ ಮಾನ್ಯತೆಯ ನಿಯಮಗಳಂತೆ ತೀರದಲ್ಲಿ ಅನಧಿಕೃತವಾಗಿ ಬಿಡಾರ ಹೂಡುವುದಕ್ಕೂ ವಾಹನ ಓಡಿಸುವುದಕ್ಕೂ ಅವಕಾಶವಿಲ್ಲ. ಇಂತಹ ಸ್ಥಳಗಳನ್ನು ಹಗಲಿನ ಭೇಟಿಗೆ ಮಾತ್ರ ಇಟ್ಟುಕೊಳ್ಳುವುದು ಸೂಕ್ತ.

ಕಡಲಿನ ಸುರಕ್ಷತೆ

ಅರಬ್ಬೀ ಸಮುದ್ರದ ಈ ತೀರದಲ್ಲಿ ದಿನಕ್ಕೆ ಸಾಮಾನ್ಯವಾಗಿ ಎರಡು ಬಾರಿ ಉಬ್ಬರ, ಎರಡು ಬಾರಿ ಇಳಿತ ಉಂಟಾಗುತ್ತವೆ. ಅವುಗಳ ಸಮಯ ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಅಮಾವಾಸ್ಯೆ ಮತ್ತು ಹುಣ್ಣಿಮೆಯ ಹೊತ್ತಿಗೆ ಉಬ್ಬರ ಹೆಚ್ಚು. ಇಳಿತದ ವೇಳೆ ಗಟ್ಟಿಯಾಗಿ ತೋರುವ ಮರಳಿನ ಮೇಲೆ ನಿಲ್ಲಿಸಿದ ವಾಹನ ಕೆಲವೇ ಗಂಟೆಗಳಲ್ಲಿ ನೀರಿಗೆ ಸಿಲುಕಬಹುದು.

ಕೆರೆ, ಕಾಲುವೆ ಅಥವಾ ಹೊಳೆಯಲ್ಲಿ ಈಜು ಕಲಿತವರಿಗೂ ಕಡಲು ಬೇರೆಯೇ ಆಗಿರುತ್ತದೆ. ದಡಕ್ಕೆ ಬಂದ ಅಲೆಗಳ ನೀರು ಕಿರಿದಾದ ಹಾದಿಯಲ್ಲಿ ಒಳಕ್ಕೆ ಮರಳುವಾಗ ಬಲವಾದ ಸೆಳೆತ ಹುಟ್ಟುತ್ತದೆ. ಅದರಲ್ಲಿ ಸಿಕ್ಕಿದವರು ನೇರವಾಗಿ ದಡದತ್ತ ಈಜಿದರೆ ಬೇಗ ದಣಿಯುತ್ತಾರೆ. ದಡಕ್ಕೆ ಸಮಾನಾಂತರವಾಗಿ ಈಜಿ ಸೆಳೆತದಿಂದ ಹೊರಬಂದು, ಬಳಿಕ ದಡದ ಕಡೆಗೆ ತಿರುಗಬೇಕು. 2024ರ ಡಿಸೆಂಬರ್‌ನಲ್ಲಿ ಶೈಕ್ಷಣಿಕ ಪ್ರವಾಸಕ್ಕೆ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ವಿದ್ಯಾರ್ಥಿನಿಯರು ಮುರ್ಡೇಶ್ವರದ ಕಡಲಿನಲ್ಲಿ ಮುಳುಗಿ ಮೃತಪಟ್ಟರು. ಮಳೆಗಾಲವಲ್ಲದ ದಿನಗಳಲ್ಲಿಯೂ ಕಡಲು ಅಪಾಯಕಾರಿ ಎಂಬುದು ಇದರಿಂದ ತಿಳಿಯುತ್ತದೆ. ಜೀವರಕ್ಷಕರು ಇಲ್ಲದ ಕಡೆ, ಕೆಂಪು ಬಾವುಟ ಹಾರುತ್ತಿರುವಾಗ ಹಾಗೂ ಕತ್ತಲಾದ ಮೇಲೆ ನೀರಿಗೆ ಇಳಿಯಬಾರದು. ಎತ್ತರದ ಅಲೆಗಳ ಮುನ್ಸೂಚನೆಯನ್ನು ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಪ್ರಕಟಿಸುತ್ತದೆ. ತುರ್ತು ಸಹಾಯಕ್ಕೆ 112, ಕರಾವಳಿ ಕಾವಲು ಪೊಲೀಸರಿಗೆ 1093 ದೂರವಾಣಿ ಸಂಖ್ಯೆಗಳಿವೆ.

ಪರಿಸರ

ಹೊನ್ನಾವರ, ಕಾರವಾರ ಮುಂತಾದ ಕಡೆಗಳಲ್ಲಿ ಚಳಿಗಾಲದ ತಿಂಗಳುಗಳಲ್ಲಿ ಆಲಿವ್ ರಿಡ್ಲೆ ಕಡಲಾಮೆಗಳು ಮರಳಿನಲ್ಲಿ ಮೊಟ್ಟೆ ಇಡುತ್ತವೆ. ಪ್ರವಾಸಿಗರಿಗೆ ಅನುಕೂಲವಾದ ಕಾಲವೇ ಅವುಗಳ ಸಂತಾನೋತ್ಪತ್ತಿಯ ಕಾಲವೂ ಆಗಿದೆ. ವಾಹನದ ಚಕ್ರಗಳಿಂದ ಗೂಡುಗಳು ನಾಶವಾಗುತ್ತವೆ. ಪ್ರಖರ ದೀಪಗಳಿಂದ ಮರಿಗಳು ದಿಕ್ಕು ತಪ್ಪಿ ಕಡಲಿನ ಬದಲು ನೆಲದ ಕಡೆಗೆ ಸಾಗುತ್ತವೆ. ಶೌಚದ ತೊಟ್ಟಿಯ ಕೊಳಚೆಯನ್ನೂ ಪಾತ್ರೆ ತೊಳೆದ ನೀರನ್ನೂ ಮರಳಿಗೆ ಅಥವಾ ಅಳಿವೆಗೆ ಬಿಡದೆ, ಒಳಚರಂಡಿ ವ್ಯವಸ್ಥೆ ಇರುವಲ್ಲಿಯೇ ವಿಲೇವಾರಿ ಮಾಡಬೇಕು. ತೀರದ ಬಾವಿಗಳನ್ನು ಕುಡಿಯುವ ನೀರಿಗೆ ಅವಲಂಬಿಸಿರುವ ಮೀನುಗಾರ ಕುಟುಂಬಗಳ ಆರೋಗ್ಯವೂ ಇದರೊಡನೆ ಸಂಬಂಧಿಸಿದೆ.