ಹಾಡು ಹಾಕುವವನ ಸಂಭಾವನೆ

ಹಾಡು ಬರೆದವರು ಒಬ್ಬರು, ಹಾಡಿದವರು ಇನ್ನೊಬ್ಬರು, ನುಡಿಸಿದವರು ಮತ್ತೊಬ್ಬರು. ಇವರ್ಯಾರೂ ಇಲ್ಲದ ಕಡೆ ಆ ಹಾಡನ್ನು ಜನರ ಮುಂದೆ ಹಾಕುವವನಿಗೆ ಎಷ್ಟು ಕೊಡಬೇಕು? ಯಾಕೆ ಕೊಡಬೇಕು? ಮದುವೆ, ಆರತಕ್ಷತೆಗಳಲ್ಲಿ ಡಿಜೆ ಕೆಲಸ ಮಾಡುವ ನನಗೆ ಈ ಪ್ರಶ್ನೆ ಪ್ರತಿ ಬುಕಿಂಗಿನಲ್ಲೂ ಎದುರಾಗುತ್ತದೆ. "ಏನಪ್ಪಾ, ನೀನೇನು ಹಾಡ್ತೀಯಾ? ಪೆನ್‌ಡ್ರೈವ್ ಹಾಕಿ ಬಟನ್ ಒತ್ತೋಕೆ ಇಷ್ಟು ದುಡ್ಡಾ?" ಎಂದು ಹೆಣ್ಣಿನ ಕಡೆಯ ಹಿರಿಯರು ಕೇಳುತ್ತಾರೆ. ಈ ಮಾತಿನಲ್ಲಿ ಕುಹಕವಿರಬಹುದು, ಆದರೆ ಪ್ರಶ್ನೆ ಸಣ್ಣದಲ್ಲ. ಅದಕ್ಕೊಂದು ಉದ್ದನೆಯ ಇತಿಹಾಸವಿದೆ.

1930ರ ದಶಕದ ಅಮೆರಿಕದಲ್ಲಿ ಅನೇಕ ಗ್ರಾಮಫೋನ್ ತಟ್ಟೆಗಳ ಲೇಬಲ್ಲಿನ ಮೇಲೆ, ಇದನ್ನು ರೇಡಿಯೊದಲ್ಲಿ ಹಾಕುವಂತಿಲ್ಲ ಎಂದು ಅಚ್ಚಾಗಿರುತ್ತಿತ್ತು. ತಟ್ಟೆಯೇ ಹಾಡಿದರೆ ವಾದ್ಯಗಾರರನ್ನು ಕರೆಯುವವರು ಯಾರು ಎಂಬ ಭಯ ಅದರ ಹಿಂದಿತ್ತು. ಬ್ಯಾಂಡ್ ನಾಯಕ ಪಾಲ್ ವೈಟ್‌ಮನ್ ಅವರ ತಟ್ಟೆಗಳ ಕುರಿತ ಮೊಕದ್ದಮೆಯಲ್ಲಿ, ಮಾರಿದ ತಟ್ಟೆಯನ್ನು ರೇಡಿಯೊದವರು ಹಾಕುವುದನ್ನು ತಡೆಯಲಾಗದು ಎಂದು 1940ರಲ್ಲಿ ನ್ಯಾಯಾಲಯ ಹೇಳಿತು. 1942ರ ಆಗಸ್ಟ್ 1ರಿಂದ ಜೇಮ್ಸ್ ಪೆಟ್ರಿಲ್ಲೊ ನಾಯಕತ್ವದ ವಾದ್ಯಗಾರರ ಸಂಘ ಧ್ವನಿಮುದ್ರಣವನ್ನೇ ನಿಲ್ಲಿಸಿತು. ಎರಡು ವರ್ಷಕ್ಕೂ ಮಿಕ್ಕಿ ನಡೆದ ಆ ಮುಷ್ಕರ ಮುಗಿದದ್ದು, ಮಾರಾಟವಾಗುವ ತಟ್ಟೆಗಳ ಲೆಕ್ಕದಲ್ಲಿ ಸಂಘದ ನಿಧಿಗೆ ಹಣ ಕೊಡಲು ಕಂಪನಿಗಳು ಒಪ್ಪಿದ ಮೇಲೆ. ನುಡಿಸುವವರು ತಮ್ಮ ಪಾಲು ಕೇಳಿ ಪಡೆದರು. ತಟ್ಟೆ ಹಾಕುವವನ ಪಾಲಿನ ಮಾತು ಅಲ್ಲಿ ಬರಲೇ ಇಲ್ಲ. ಅವನು ರೇಡಿಯೊ ಕೇಂದ್ರದ ಸಂಬಳದವನು, ಅಷ್ಟೆ.

ಆದರೆ ಐವತ್ತರ ದಶಕದ ಹೊತ್ತಿಗೆ ಯಾವ ಹಾಡು ಊರೆಲ್ಲ ಗುನುಗಬೇಕು ಎಂಬುದು ಬಹುಮಟ್ಟಿಗೆ ಈ ಸಂಬಳದವನ ಕೈಯಲ್ಲಿತ್ತು. ತಟ್ಟೆ ಕಂಪನಿಗಳು ಅವನಿಗೆ ಗುಟ್ಟಾಗಿ ಹಣ ಮುಟ್ಟಿಸತೊಡಗಿದವು. ಇದಕ್ಕೆ 'ಪೇಯೋಲಾ' ಎಂದು ಹೆಸರಾಯಿತು. ರಾಕ್ ಆ್ಯಂಡ್ ರೋಲನ್ನು ಜನಪ್ರಿಯಗೊಳಿಸಿದ ಅಲನ್ ಫ್ರೀಡ್ 1959ರಲ್ಲಿ ಕೆಲಸ ಕಳೆದುಕೊಂಡರು. 1962ರಲ್ಲಿ ತಪ್ಪೊಪ್ಪಿಕೊಂಡು 300 ಡಾಲರ್ ದಂಡ ತೆತ್ತರು. ಕೇಳುಗರಿಗೆ ತಿಳಿಸದೆ ಹೀಗೆ ಹಣ ಪಡೆಯುವುದನ್ನು 1960ರಲ್ಲೇ ಕಾನೂನು ಅಪರಾಧವೆಂದಿತ್ತು. ಅದು ಲಂಚವೇ, ಅನುಮಾನವಿಲ್ಲ. ಆದರೂ ಈ ಪ್ರಕರಣ ನನಗೆ ಇನ್ನೊಂದು ಮಾತನ್ನೂ ಹೇಳುತ್ತದೆ. ಹಾಡು ಆರಿಸುವ ಕೆಲಸಕ್ಕೆ ಬೆಲೆಯಿತ್ತು. ಬಹಿರಂಗವಾಗಿ ಸಿಗದ ಆ ಬೆಲೆ ಹಿಂಬಾಗಿಲಿನಿಂದ ಬಂತು.

ಮುಂಬಾಗಿಲಿನ ಲೆಕ್ಕ ಬೇರೆ. ಜಮೈಕಾದ ಕಿಂಗ್‌ಸ್ಟನ್ನಿನಲ್ಲಿ ಸೌಂಡ್ ಸಿಸ್ಟಮ್ ಇಟ್ಟವರು ಯಾರಿಂದಲೂ ಸಂಭಾವನೆ ಕೇಳುತ್ತಿರಲಿಲ್ಲ. ಪ್ರವೇಶದ ಹಣ, ಮದ್ಯದ ಮಾರಾಟ, ಇವೇ ಅವರ ಗಳಿಕೆ. ಆ ಊರಿನಲ್ಲಿ ಹುಟ್ಟಿ ನ್ಯೂಯಾರ್ಕಿಗೆ ಬಂದ ಕೂಲ್ ಹರ್ಕ್, 1973ರ ಆಗಸ್ಟ್ 11ರಂದು ಬ್ರಾಂಕ್ಸಿನ ಸೆಡ್ಜ್‌ವಿಕ್ ಅವೆನ್ಯೂದ ತಮ್ಮ ವಸತಿ ಕಟ್ಟಡದಲ್ಲೇ ಹಾಡು ಹಾಕಿದರು. ಶಾಲೆ ಶುರುವಾಗುವ ಮುಂಚೆ ಹೊಸ ಬಟ್ಟೆ ಕೊಳ್ಳಲು ದುಡ್ಡು ಬೇಕೆಂದು ತಂಗಿ ಸಿಂಡಿ ಏರ್ಪಡಿಸಿದ್ದ ಪಾರ್ಟಿ ಅದು. ಹುಡುಗಿಯರಿಗೆ 25 ಸೆಂಟ್, ಹುಡುಗರಿಗೆ 50 ಸೆಂಟ್. ಹಿಪ್-ಹಾಪ್ ಹುಟ್ಟಿದ ದಿನವೆಂದು ಜಗತ್ತು ನೆನೆಯುವ ಆ ರಾತ್ರಿಯ ದರ ಇದು. ಬಾಗಿಲು ನಮ್ಮದಾದರೆ ಚೌಕಾಸಿಯಿಲ್ಲ. ಜನ ಬರದಿದ್ದರೆ ನಷ್ಟವೂ ನಮ್ಮದೇ.

ಅದೇ ನಗರದ ಕ್ಲಬ್ಬುಗಳಲ್ಲಿ ಕೆಲಸ ಮಾಡುವ ಡಿಜೆಗಳು ಹೊಸ ತಟ್ಟೆಗಾಗಿ ಕಂಪನಿಯಿಂದ ಕಂಪನಿಗೆ ಅಲೆಯಬೇಕಿತ್ತು. 1975ರಲ್ಲಿ ಡೇವಿಡ್ ಮ್ಯಾಂಕುಸೊ ಮತ್ತು ಸಂಗಡಿಗರು ಸೇರಿ 'ರೆಕಾರ್ಡ್ ಪೂಲ್' ಕಟ್ಟಿದರು. ಕಂಪನಿಗಳು ಒಂದೇ ಕಡೆ ತಟ್ಟೆ ಕೊಡಬೇಕು, ಯಾವುದಕ್ಕೆ ಜನ ಕುಣಿದರೆಂದು ಡಿಜೆಗಳು ತಿಳಿಸಬೇಕು. ಕೈಗೆ ರೊಕ್ಕ ಬರಲಿಲ್ಲ ನಿಜ. ಆದರೆ ಒಬ್ಬೊಬ್ಬನಾಗಿ ಬೇಡುತ್ತಿದ್ದವರು ಒಟ್ಟಾಗಿ ಕೂತು ಮಾತಾಡಿದರು.

ನಮ್ಮಲ್ಲಿ ವಾಲಗದವರಿಗೆ, ಆರ್ಕೆಸ್ಟ್ರಾದವರಿಗೆ ಸಂಭಾವನೆ ಗೊತ್ತುಮಾಡುವಾಗ ಎಷ್ಟು ಜನ ಬರುತ್ತಾರೆ ಎಂಬ ಲೆಕ್ಕ ಕಣ್ಣಿಗೆ ಕಾಣುತ್ತದೆ. ಡಿಜೆ ಒಬ್ಬನೇ ನಿಂತಿರುತ್ತಾನೆ. ಸೆಟ್ಟು ಹೊತ್ತ ಹುಡುಗರು, ಟೆಂಪೊ, ಜನರೇಟರಿನ ಡೀಸೆಲ್ಲು ಯಾರಿಗೂ ಕಾಣುವುದಿಲ್ಲ. ರಾತ್ರಿ 10ರ ನಂತರ ಬಯಲಲ್ಲಿ ಧ್ವನಿವರ್ಧಕ ನಿಲ್ಲಿಸಬೇಕು. ಪೊಲೀಸರು ಬಂದರೆ ಉತ್ತರ ಹೇಳಬೇಕಾದವನೂ ಅವನೇ. ಕೃತಿಸ್ವಾಮ್ಯ ಕಾಯ್ದೆ ಮದುವೆಯ ಸಮಾರಂಭಗಳಿಗೆ ವಿನಾಯಿತಿ ಕೊಟ್ಟಿದೆ. ಹೋಟೆಲಿನ ಹೊಸ ವರ್ಷದ ಪಾರ್ಟಿಗೆ ಅದು ಅನ್ವಯಿಸದು. ಲೈಸೆನ್ಸಿನ ಹಣ ಯಾರು ಕಟ್ಟಬೇಕೆಂದು ಅಡ್ವಾನ್ಸ್ ಪಡೆಯುವ ಮೊದಲೇ ತೀರ್ಮಾನವಾಗಬೇಕು.

ಹಾಗಾಗಿ ನಾನು ಒಂದೇ ಮೊತ್ತ ಹೇಳುವುದಿಲ್ಲ. ಸೆಟ್ಟಿನ ಬಾಡಿಗೆ, ಸಾಗಣೆ, ಹುಡುಗರ ಕೂಲಿ, ನನ್ನ ಸಂಭಾವನೆ ಎಂದು ನಾಲ್ಕು ಸಾಲು ಬರೆದುಕೊಡುತ್ತೇನೆ. ಕಡಿಮೆ ಮಾಡಿ ಎಂದರೆ ಎರಡು ಸ್ಪೀಕರ್ ಕಡಿಮೆಯಾಗುತ್ತವೆ, ಇಲ್ಲವೇ ಒಂದು ಗಂಟೆ ಕಡಿಮೆಯಾಗುತ್ತದೆ. ಹುಡುಗರ ಕೂಲಿಯನ್ನೂ ನನ್ನ ಸಾಲನ್ನೂ ಮುಟ್ಟುವುದಿಲ್ಲ. ಹೆಚ್ಚಿನವರು ಚೀಟಿ ನೋಡಿದ ಮೇಲೆ ಒಪ್ಪುತ್ತಾರೆ. ಒಪ್ಪದವರಿಗೆ ಅರ್ಧ ದರಕ್ಕೆ ಬರುವ ಹುಡುಗ ಸಿಕ್ಕೇ ಸಿಗುತ್ತಾನೆ. ಅವನ ಮೇಲೆ ನನಗೆ ಸಿಟ್ಟಿಲ್ಲ. ಅವನನ್ನೂ ಕರೆದು ನಮ್ಮ ತಾಲ್ಲೂಕಿನ ಡಿಜೆಗಳೆಲ್ಲ ಒಂದು ದಿನ ಕೂತು, ಇದಕ್ಕಿಂತ ಕೆಳಗೆ ಯಾರೂ ಇಳಿಯುವುದು ಬೇಡ ಎಂದು ಒಂದು ದರ ಗೊತ್ತುಮಾಡಿಕೊಳ್ಳಬೇಕು. ಆ ಮಾತುಕತೆ ನಮ್ಮಲ್ಲಿ ಇನ್ನೂ ಶುರುವಾಗಿಲ್ಲ.